ಮುಂದಿನ ಸುತ್ತಿಗೆ ಮಾತ್ರ

ಅವಳಿಗೆ ಸುತ್ತಿನಕ್ಕ ಅಂತ ಹೆಸರಿಟ್ಟವಳು ನಾನೇ. ನಮ್ಮ ಆಫೀಸಿನಲ್ಲಿ ಅಡ್ಡಹೆಸರು ಇಡುವ ಖಾತೆ ನನ್ನದು. ಉಳಿದವರು ನನಗೆ ಇಟ್ಟಿರುವ ಹೆಸರು ಬಾಯಿಬಡುಕಿ. ಬೆನ್ನ ಹಿಂದೆ ಅನ್ನುತ್ತಿದ್ದೇವೆ ಅಂದುಕೊಂಡಿದ್ದಾರೆ ಪಾಪ, ನನಗೆ ಎಲ್ಲಾ ಕೇಳಿಸುತ್ತೆ. ಅನ್ನಲಿ ಬಿಡಿ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳುವ ಟೆಸ್ಟರ್ ನಾನು. ನಾಲಿಗೆ ಮೆತ್ತಗಿದ್ದರೆ ಈ ಕೆಲಸ ಆಗುತ್ತಾ?

ಅಕ್ಕ ನನ್ನ ಹಾಗಲ್ಲ. ಹತ್ತು ಮಾತು ಕೇಳಿಸಿಕೊಂಡು ಒಂದು ಮಾತಾಡುವವಳು. ಸಣ್ಣ ದೇಹ, ದೊಡ್ಡ ಕನ್ನಡಕ, ಯಾವಾಗಲೂ ಆರಿಹೋದ ಟೀ ಕುಡಿಯುವವಳು, ಯಾಕೆಂದರೆ ಟೀ ಬಿಸಿಯಾಗಿರುವಾಗ ಯಾರೋ ಒಬ್ಬರು ಬಂದು ತಮ್ಮ ಗೋಳು ಹೇಳಿಕೊಳ್ಳುತ್ತಿರುತ್ತಾರೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಬಿಡುವಾಗಲಿಲ್ಲ" ಅಂತ ನಗುತ್ತಿದ್ದಳು. ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಬಾಡಿಗೆಗೆ ಇದ್ದೆವು, ಅವಳು ಮೇಲಿನ ಮನೆ, ನಾನು ಕೆಳಗಿನ ಮನೆ. ಹಾಗಾಗಿ ಆಫೀಸಿನ ಅಕ್ಕನೂ ಗೊತ್ತು ನನಗೆ, ಮನೆಯ ಅಕ್ಕನೂ ಗೊತ್ತು.

ಅವಳು ನಮ್ಮ ತಂಡ ನಡೆಸೋಕೆ ಅಂತ ಬರುವ ಹೊತ್ತಿಗೆ ಒಂದು ಬಸ್ ಕಂಪನಿಯ ಕೆಲಸ ಪೂರ್ತಿ ಗೋತಾ ಹೊಡೆದಿತ್ತು. ಯಾವ ಡ್ರೈವರ್ ಯಾವತ್ತು ಯಾವ ಬಸ್ ಓಡಿಸಬೇಕು ಅಂತ ಹೇಳುವ ಸಾಫ್ಟ್‌ವೇರ್ ಅದು. ನಮ್ಮ ದೊಡ್ಡ ಸಾಹೇಬರು ಇಡೀ ವರ್ಷದ ಯೋಜನೆಯನ್ನು ಮೊದಲೇ ಬರೆದು, ಬಣ್ಣ ಬಳಿದು, ಗೋಡೆಯುದ್ದಕ್ಕೂ ಅಂಟಿಸಿದ್ದರು. ಮದುವೆ ಮಂಟಪ ನೋಡುವ ಹಾಗೆ ಬಂದವರೆಲ್ಲ ನಿಂತು ನೋಡುತ್ತಿದ್ದರು. ವರ್ಷ ಕಳೆದು ಡಿಪೋದವರಿಗೆ ತೋರಿಸಿದಾಗ ಡಿಪೋ ಮೇಲ್ವಿಚಾರಕರು ಹಣೆ ಉಜ್ಜಿಕೊಂಡು, "ಚೆನ್ನಾಗೇನೋ ಇದೆ, ಆದ್ರೆ ನಮಗೆ ಇದು ಬೇಕಾಗಿಲ್ಲವಲ್ಲ" ಅಂದರು. ಸಾಹೇಬರ ಮುಖ ನೋಡಬೇಕಿತ್ತು ನೀವು.

ಅಕ್ಕ ಬಂದವಳೇ ಗೋಡೆಯ ಮೇಲಿದ್ದ ಆ ಮಂಟಪವನ್ನು ಬಿಚ್ಚಿಸಿದಳು. ಡಿಪೋಗೆ ಹೋಗಿ ಮೇಲ್ವಿಚಾರಕರನ್ನು ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ತಲೆನೋವಿನಲ್ಲಿ ಮೊದಲು ಯಾವುದು ಹೋದ್ರೆ ನೀವು ನೆಮ್ಮದಿಯಾಗಿ ತಿಂಡಿ ತಿಂತೀರಿ?"

"ಹೇಳದೆ ಕೇಳದೆ ರಜೆ ಹಾಕ್ತಾರಲ್ಲ, ಅವರದು" ಅಂದರು ಅವರು.

ಸರಿ, ಮೊದಲ ಎರಡು ವಾರ ಅಷ್ಟೇ ಕೆಲಸ. ನಾಳೆ ಯಾರು ಬರಲ್ಲ ಅನ್ನುವುದು ಒಂದು ಪರದೆಯಲ್ಲಿ ಕಾಣಬೇಕು, ಬೇರೇನೂ ಬೇಡ. ಎರಡು ವಾರಕ್ಕೆ ಅದನ್ನು ಮುಗಿಸಿ, ಡಿಪೋದಲ್ಲಿ ತೋರಿಸಿ, ಬೈಸಿಕೊಂಡು, ತಿದ್ದಿ, ಮತ್ತೆ ಕೂತು ಮುಂದಿನ ಎರಡು ವಾರಕ್ಕೆ ಏನು ಅಂತ ಗೊತ್ತುಮಾಡುವುದು. ಆಫೀಸಿನಲ್ಲಿ ಇದನ್ನು ಸ್ಪ್ರಿಂಟ್ ಅಂತಾರೆ. ಅಕ್ಕನ ಬಾಯಲ್ಲಿ ಅದು ಸುತ್ತು. "ಮುಂದಿನ ಸುತ್ತಿಗೆ ಮಾತ್ರ ಮಾತು ಕೊಡೋಣ. ಅದರಾಚೆಗಿನದನ್ನ ಆಗ ನೋಡೋಣ" ಅನ್ನುತ್ತಿದ್ದಳು. ಹೀಗೆ ಚೂರು ಚೂರೇ ಮಾಡುತ್ತಾ ಆ ಬಸ್ ಕಂಪನಿಯ ಕೆಲಸ ದಡ ಸೇರಿತು. ತಪ್ಪು ಹುಡುಕುವ ನನಗೇ ಅದರಲ್ಲಿ ತಪ್ಪು ಸಿಗುವುದು ಕಮ್ಮಿಯಾಯಿತು ಅಂದಮೇಲೆ ಲೆಕ್ಕ ಹಾಕಿ.

ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಕೂತು ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಏನು ಚೆನ್ನಾಗಾಯ್ತು? ಏನು ಕೆಟ್ಟಿತು? ಏನು ಬದಲಾಯಿಸೋಣ? ಈ ಸಭೆ ನಡೆಸುವಾಗ ಅಕ್ಕ ತನ್ನ ಮನಸ್ಸಿನಲ್ಲಿರುವುದನ್ನು ಸುತಾರಾಂ ಹೇಳುತ್ತಿರಲಿಲ್ಲ. "ನಡೆಸೋಳು ಮೊದಲೇ ಬಾಯಿ ಬಿಟ್ರೆ ಉಳಿದವರು ತಮ್ಮದನ್ನ ನುಂಗಿಕೊಳ್ತಾರೆ ಕಣೇ" ಅನ್ನುತ್ತಿದ್ದಳು. ಆಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಈ ವಿದ್ಯೆ ನನಗೆ ಈ ಜನ್ಮದಲ್ಲಿ ಬರಲ್ಲ ಅಂತ ನಾನು ತಮಾಷೆ ಮಾಡುತ್ತಿದ್ದೆ. ಮೊದಮೊದಲು ಗುಮ್ಮನ ಹಾಗೆ ಕೂತಿರುತ್ತಿದ್ದ ಹುಡುಗರು ಆ ಮುಖದ ಮುಂದೆ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುತ್ತಿದ್ದರು.

ಇಷ್ಟೆಲ್ಲ ಆಗುತ್ತಿರುವಾಗ ಅಕ್ಕನ ತಂಗಿ ತೀರಿಕೊಂಡಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ವಾಪಸ್ ಬರಲಿಲ್ಲ. ಐದು ವರ್ಷದ ಮಗಳು. ಮಗುವಿನ ಅಪ್ಪ ಸೇತುವೆ ಕಟ್ಟುವ ಎಂಜಿನಿಯರ್, ಇವತ್ತು ಈ ಹೊಳೆ, ನಾಳೆ ಆ ಹೊಳೆ, ಇರುವುದು ತಗಡಿನ ಶೆಡ್ಡಿನಲ್ಲಿ. ಅವನು ಮಗಳನ್ನು ತಂದು ಅಕ್ಕನ ಮನೆಯ ಸೋಫಾದ ಮೇಲೆ ಕೂರಿಸಿ, "ಸದ್ಯಕ್ಕೆ ನಿಮ್ಮ ಹತ್ರ ಇರಲಿ ಅಕ್ಕ. ನನಗೆ ಬೇರೆ ದಾರಿ ಕಾಣ್ತಿಲ್ಲ" ಅಂದ. ಅವನ ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು.

ಮಗು ಅಳುತ್ತಿರಲಿಲ್ಲ, ಸಣ್ಣಗೆ ಒಂದೇ ಸ್ವರದಲ್ಲಿ ಕುಂಯ್‌ಗುಡುತ್ತಿತ್ತು. ಕೆಳಗಿನ ಮನೆಗೂ ಕೇಳಿಸುತ್ತಿತ್ತು. ಪಿಟೀಲು ಅಂತ ನಾನು ಹೆಸರಿಟ್ಟೆ. ಬೇರೆ ಯಾರೇ ಆಗಿದ್ದರೂ ಬೈಯುತ್ತಿದ್ದರು. ಆ ಮಗು ಮಾತ್ರ ಆ ಹೆಸರಿಗೆ ಮೊದಲ ಸಲ ನಕ್ಕಿತು. ಅದೇ ನಿಂತಿತು.

ಶಾಲೆ ಅಂದರೆ ಸಾಕು, ಪಿಟೀಲು ಮಂಚದ ಕೆಳಗೆ. ಅಕ್ಕ ಗದರಲಿಲ್ಲ, ಮುದ್ದು ಮಾಡಿ ಪೂಸಿಯನ್ನೂ ಹೊಡೆಯಲಿಲ್ಲ. ತನಗೆ ಗೊತ್ತಿದ್ದ ದಾರಿ ಹಿಡಿದಳು. "ಈ ಸುತ್ತಿನಲ್ಲಿ ಶೂ ಹಾಕ್ಕೊಂಡು ಶಾಲೆ ಗೇಟಿನ ತನಕ ಹೋಗಿ ವಾಪಸ್ ಬರೋದು. ಅಷ್ಟೇ. ಒಳಗೆ ಹೋಗೋ ಹಾಗಿಲ್ಲ." ಒಳಗೆ ಹೋಗೋ ಹಾಗಿಲ್ಲ ಅಂದಿದ್ದೇ ತಡ, ಅದಕ್ಕೆ ಒಳಗೆ ಏನಿದೆ ಅಂತ ನೋಡುವ ಆಸೆ. ಮುಂದಿನ ಸುತ್ತಿಗೆ ಅಂಗಳ, ಅದರ ಮುಂದಿನದಕ್ಕೆ ಬೆಂಚು. ಮಳೆಗಾಲ ಮುಗಿಯುವ ಹೊತ್ತಿಗೆ ಪಿಟೀಲು ಉಳಿದ ಮಕ್ಕಳ ಜೊತೆ ಜಗಳವಾಡಿ ಮೊಣಕಾಲು ಕೆರೆದುಕೊಂಡು ಬರುತ್ತಿತ್ತು.

ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ದೊಡ್ಡಮ್ಮ ಮಗಳು ಇಬ್ಬರೂ ಅಡುಗೆಮನೆಯ ಮೇಜಿನ ಹತ್ತಿರ ಎದುರುಬದುರು ಕೂರುತ್ತಿದ್ದರು. ಅಕ್ಕನ ಮುಂದೆ ಆರಿದ ಟೀ, ಪಿಟೀಲಿನ ಮುಂದೆ ಹಾಲು. ನಾನು ಸಕ್ಕರೆ ಕೇಳುವ ನೆಪದಲ್ಲಿ ಮೇಲೆ ಹೋಗಿ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ.

"ಏನು ಚೆನ್ನಾಗಾಯ್ತು?"

"ನಿನ್ನೆ ಮಾಡಿದ ಮೊಟ್ಟೆ."

"ಏನು ಕೆಟ್ಟಿತು?"

"ನೀನು ಜಡೆ ಹಾಕೋದು. ಎಳೀತೀಯ."

"ಏನು ಬದಲಾಯಿಸೋಣ?"

ಪಿಟೀಲು ಸ್ವಲ್ಪ ಯೋಚನೆ ಮಾಡಿ, "ಕೂದಲು" ಅಂದಿತು. ಅವತ್ತು ಸಾಯಂಕಾಲವೇ ಕೂದಲು ಕತ್ತರಿಸಿ ಆಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಮಲಗುವ ಮಂಚ ಕಿಟಕಿಯ ಹತ್ತಿರ ಹೋಯಿತು, ಒಂದು ಸುತ್ತು ನೋಡಿ ಚಳಿ ಅಂತ ಗೋಡೆಯ ಹತ್ತಿರ ಬಂತು. ಈಜು ಕಲಿಯೋಣ, ಒಂದು ಸುತ್ತು. ಸಾಕು, ಬಿಟ್ಟಿತು. ಚಿತ್ರ ಬರೆಯೋಣ, ಅದು ಉಳಿಯಿತು. ಯಾವುದನ್ನೇ ಆಗಲಿ ಮಾಡಿ ನೋಡಬಹುದು, ಹಿಡಿಸದಿದ್ದರೆ ಮುಂದಿನ ಭಾನುವಾರ ಮೊದಲಿದ್ದ ಹಾಗೇ ಮಾಡಬಹುದು. ಜಗತ್ತು ಇರುವುದೇ ಹಾಗೆ ಅಂತ ಆ ಮಗು ನಂಬಿತ್ತು. ಅವಳ ದೊಡ್ಡಮ್ಮನೂ ಮುಕ್ಕಾಲು ಪಾಲು ಹಾಗೇ ನಂಬಿದ್ದಳು.

ಅಕ್ಕನಿಗೆ ಆ ಮಗು ಅಂದರೆ ಪ್ರಾಣ. ಆಫೀಸಿನಲ್ಲಿ ಆಕಾಶವೇ ಕಳಚಿ ಬೀಳುತ್ತಿದ್ದರೂ ನಾಲ್ಕು ಗಂಟೆಗೆ ಎದ್ದು ಶಾಲೆಯ ಗೇಟಿಗೆ ಹೊರಡುತ್ತಿದ್ದಳು. ಮಗುವಿಗೆ ಕೆಮ್ಮು ಬಂದರೆ ಇವಳ ಮುಖ ಬಾಡುತ್ತಿತ್ತು. ಆದರೆ ಒಂದು ದಿನವೂ ನನ್ನ ಮಗಳು ಅಂತ ಅಂದಿದ್ದು ನಾನು ಕೇಳಲಿಲ್ಲ. ನಾನು ನೇರವಾಗಿಯೇ ಹೇಳಿದೆ. "ಅಕ್ಕಾ, ವಕೀಲರ ಹತ್ರ ಹೋಗಿ ಕಾಗದ ಪತ್ರ ಮಾಡಿಸ್ಕೋ. ಅವನಿಗೂ ಇನ್ನೂ ವಯಸ್ಸಿದೆ, ನಾಳೆ ಏನೋ ಎಂತೋ."

"ಅವಳಿಗೆ ಅಪ್ಪ ಇದಾನಲ್ಲ ಕಣೇ. ನಾನು ಸದ್ಯಕ್ಕೆ."

"ಐದು ವರ್ಷ ಆಗ್ತಾ ಬಂತು, ಇನ್ನೂ ಸದ್ಯಕ್ಕಾ?"

"ನೀನು ಮೊದಲು ನಿನ್ನ ಬಾಕಿ ಟೆಸ್ಟಿಂಗ್ ಮುಗಿಸು ಹೋಗು" ಅಂತ ನಕ್ಕು ಮಾತು ತಿರುಗಿಸಿದಳು.

ನಾನು ಹೆದರಿದ್ದೇ ಆಯಿತು. ಪಿಟೀಲಿಗೆ ಹತ್ತು ತುಂಬಿದ ವರ್ಷ ಅವಳ ಅಪ್ಪ ಮತ್ತೆ ಮದುವೆಯಾದ. ಹೊಳೆಯಿಂದ ಹೊಳೆಗೆ ಅಲೆಯುವುದು ನಿಂತು, ರೈಲಿನಲ್ಲಿ ಒಂದು ಹಗಲು ದೂರದ ಊರಿನಲ್ಲಿ ಆಫೀಸಿನ ಕುರ್ಚಿ ಸಿಕ್ಕಿತ್ತು. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದ. ಆಕೆಯ ಮೇಲೆ ನಾಲ್ಕು ಮಾತು ಹೇಳೋಣ ಅಂತ ನಾನು ನಾಲಿಗೆ ಮಸೆದುಕೊಂಡೇ ಮೇಲೆ ಹೋಗಿದ್ದೆ. ಹೇಳೋಕೆ ಏನೂ ಸಿಗಲಿಲ್ಲ. ಒಳ್ಳೆ ಹೆಂಗಸು. ಮಗುವಿನ ಚಿತ್ರಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದಳು, ಸುಮ್ಮನೆ ಹೊಗಳಲಿಲ್ಲ.

ಅವನು ಟೀ ಲೋಟ ಕೆಳಗಿಟ್ಟ. "ಅಕ್ಕ, ಇನ್ನು ಇವಳನ್ನ ನಾವು ಕರ್ಕೊಂಡು ಹೋಗೋಣ ಅಂತ ಆಸೆ. ಬಲವಂತ ಇಲ್ಲ. ಸಾಕಿದವರು ನೀವು. ಬೇಡ ಅಂದ್ರೆ ನಾನು ಎರಡು ಮಾತಾಡಲ್ಲ, ನಿಮ್ಮ ಕಾಲಿಗೆ ಬಿದ್ದು ಹೊರಟುಹೋಗ್ತೀನಿ."

ಇಷ್ಟು ಸಲೀಸಾಗಿ ಯಾರಾದರೂ ಕೇಳುತ್ತಾರಾ? ಬೇಡ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಅಕ್ಕನಿಗೆ ಕಣ್ಣಲ್ಲೇ ಹೇಳಿದೆ, ಅನ್ನೇ, ಅನ್ನು ಅಂತ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ನಾನು ಹೇಳೋದಲ್ಲ ಇದು. ಅವಳ ಬದುಕು, ಅವಳನ್ನೇ ಕೇಳೋಣ" ಅಂದಳು. ಪಿಟೀಲನ್ನು ಕರೆದು ಮೇಜಿನ ಎದುರಿಗೆ ಕೂರಿಸಿದಳು. ಅಪ್ಪ ಬಂದಿರುವುದು ಯಾಕೆ ಅಂತ ಬಿಡಿಸಿ ಹೇಳಿದಳು. "ನೀನು ಏನು ಹೇಳಿದ್ರೂ ಯಾರೂ ಬೇಜಾರು ಮಾಡ್ಕೊಳಲ್ಲ" ಅಂದಳು. ಮಗು ದೊಡ್ಡಮ್ಮನ ಮುಖವನ್ನೇ ನೋಡಿತು. ಅಕ್ಕ ಆ ಸಭೆಯ ಮುಖ ಹಾಕಿಕೊಂಡಿದ್ದಳು. ಒಂದು ಗೆರೆ ಅಲ್ಲಾಡಲಿಲ್ಲ. ಮೇಜಿನ ಕೆಳಗೆ ಎರಡೂ ಕೈಯನ್ನು ಒಂದಕ್ಕೊಂದು ಹಿಸುಕುತ್ತಿದ್ದಳು, ಅದು ಬಾಗಿಲಲ್ಲಿ ನಿಂತಿದ್ದ ನನಗೆ ಕಾಣಿಸುತ್ತಿತ್ತು, ಎದುರಿಗಿದ್ದ ಮಗುವಿಗೆ ಕಾಣಿಸುತ್ತಿರಲಿಲ್ಲ.

ಪಿಟೀಲು ಆ ಮುಖದಿಂದ ಕಣ್ಣು ತೆಗೆಯದೆ, "ಒಂದು ಸುತ್ತು ಅಪ್ಪನ ಹತ್ರ ಇರ್ತೀನಿ. ಆಮೇಲೆ ನೋಡೋಣ" ಅಂದಿತು.

ಅಕ್ಕ ತಲೆಯಾಡಿಸಿದಳು. ಇಬ್ಬರಿಗೂ ಅದರ ಅರ್ಥ ಒಂದೇ. ಎರಡು ವಾರ. ಹಿಡಿಸದಿದ್ದರೆ ವಾಪಸ್. ಆದರೆ ಆ ಮನುಷ್ಯ ಕಾಂಕ್ರೀಟ್ ಹಾಕಿ ಬದುಕಿದವನು, ಒಮ್ಮೆ ಹಾಕಿದ್ದು ನಿಲ್ಲಲಿ ಅಂತಲೇ ಹಾಕುವವನು. ಅವನಿಗೆ ಸುತ್ತೂ ಗೊತ್ತಿಲ್ಲ, ಗಿತ್ತೂ ಗೊತ್ತಿಲ್ಲ. ಮಗಳು ಅಪ್ಪನ ಹತ್ರ ಇರ್ತೀನಿ ಅಂದಳು, ಅಷ್ಟೇ ಅವನ ಕಿವಿಗೆ ಬಿದ್ದಿದ್ದು. ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡ.

ಎರಡು ವಾರದ ಬಟ್ಟೆ ಹಿಡಿಯುವ ಸಣ್ಣ ಚೀಲ ತಗೊಂಡು ಪಿಟೀಲು ಹೋಯಿತು. ವಾರ ಕಳೆಯುವಷ್ಟರಲ್ಲಿ ಅವನ ಫೋನು. ದೊಡ್ಡ ಶಾಲೆಯಲ್ಲಿ ಸೀಟು ಸಿಕ್ಕಿದೆ, ಸೇರಿಸಿದ್ದಾಯಿತು, ಹಳೇ ಶಾಲೆಯ ಟಿ.ಸಿ. ತೆಗೆಸಿ ಉಳಿದ ಸಾಮಾನಿನ ಜೊತೆ ಕಳಿಸಿಕೊಡಬೇಕಂತೆ. ದನಿಯಲ್ಲಿ ಅಷ್ಟು ಸಂತೋಷ, ಅಷ್ಟು ಉಪಕಾರ ಸ್ಮರಣೆ. ಅಕ್ಕ ಹೂಂ, ಹೂಂ ಅಂದು ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

"ಮಾಡಿ ನೋಡೋದು ಅಂತಲ್ವೇನೇ ಅಂದಿದ್ದು?" ಅಂತ ನನ್ನನ್ನು ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವನಿಗೆ ಹೇಗೆ ಗೊತ್ತಾಗಬೇಕು? ಈಗಲೇ ಫೋನ್ ಮಾಡು. ಮಗು ನನಗೆ ಬೇಕು, ನನ್ನ ಹತ್ರಾನೇ ಇರಲಿ ಅಂತ ಬಾಯಿ ಬಿಟ್ಟು ಹೇಳು. ನಿನಗಾಗಲ್ಲ ಅಂದ್ರೆ ಕೊಡಿಲ್ಲಿ, ನಾನು ಹೇಳ್ತೀನಿ."

"ಬೇಡ. ಭಾನುವಾರ ಅವಳನ್ನೇ ಕೇಳ್ತೀನಿ."

ಭಾನುವಾರ ಫೋನಿನಲ್ಲೇ ಸಭೆ. ನಾನು ಪಕ್ಕದಲ್ಲೇ ಕೂತಿದ್ದೆ, ದನಿ ಕೇಳಿಸುತ್ತಿತ್ತು. ಏನು ಚೆನ್ನಾಗಾಯ್ತು ಅಂದರೆ, ಎಲ್ಲ. ಏನು ಕೆಟ್ಟಿತು ಅಂದರೆ, ಏನಿಲ್ಲ. ಹಿಂದುಗಡೆ ಅಪ್ಪ, ಹೊಸ ಅಮ್ಮ ಓಡಾಡುವ ಸದ್ದು. ಏನು ಬದಲಾಯಿಸೋಣ ಅಂತ ಅಕ್ಕ ಕೇಳಿದಾಗ ಮಗು, "ನೀನು ಹೇಳು ದೊಡ್ಡಮ್ಮ" ಅಂದಿತು.

"ನಾನು ಹೇಳೋ ಹಾಗಿಲ್ಲ ಅಲ್ವಾ ಪುಟ್ಟ."

"ಹಾಗಾದ್ರೆ ಏನೂ ಬೇಡ."

ಮರುದಿನ ಅಕ್ಕ ಟಿ.ಸಿ. ತೆಗೆಸಿದಳು. ಚಿತ್ರ, ಬಟ್ಟೆ, ಪುಸ್ತಕ, ಶೂ ಎಲ್ಲ ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿ ಕಳಿಸಿದಳು. ಪೆಟ್ಟಿಗೆ ಕಟ್ಟುವಾಗ ನಾನು ಬಾಯಿಗೆ ಬಂದಂತೆ ಬೈದೆ. ಅವಳು ಟೇಪು ಅಂಟಿಸುತ್ತಾ ಹೋದಳು.

ಆ ಮೇಲಿನ ದಿನಗಳನ್ನು ಏನಂತ ಹೇಳಲಿ. ಆಫೀಸಿನಲ್ಲಿ ಕೆಲಸ ನಿಲ್ಲಲಿಲ್ಲ. ಔಷಧಿ ಗೋದಾಮಿನದೊಂದು ಹೊಸ ಕೆಲಸ ಬಂತು, ಸುತ್ತಿನ ಮೇಲೆ ಸುತ್ತು ನಡೆಯಿತು, ಗಿರಾಕಿಗಳು ಹೊಗಳಿದರು. ಅಕ್ಕ ಮಾತ್ರ ಸಂಜೆ ನಾಲ್ಕು ಗಂಟೆಗೆ ಕುರ್ಚಿಯಿಂದ ಏಳುವುದನ್ನು ಬಿಡಲಿಲ್ಲ. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ಶಾಲೆಯ ಗೇಟಿನ ತನಕ ಹೋಗಿ, ಮಕ್ಕಳೆಲ್ಲ ಹೊರಗೆ ಬಂದು ಮುಗಿಯುವ ತನಕ ನಿಂತು, ಮನೆಯ ಕಡೆ ನಡೆದಳು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಅಂಗಡಿಯವನು ಏನಾಯ್ತಮ್ಮ ಅಂತ ಕೇಳಿದ. ಅವನ ಮೇಲೂ ರೇಗಿದೆ.

ವರ್ಷದ ಮೇಲಾಯಿತು. ಅಲ್ಲಿ ಗಂಡುಮಗು ಹುಟ್ಟಿ ಐದಾರು ತಿಂಗಳಾಗಿತ್ತು, ನೋಡಲು ಬನ್ನಿ ಅಂತ ಅವರು ಕರೆದರು. "ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲ, ನೀನೂ ಬಾ" ಅಂದಳು ಅಕ್ಕ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, "ಈ ಸಲ ಹೇಳ್ತೀನಿ ಕಣೇ. ನನಗೆ ನೀನು ಬೇಕು, ಬಾ ಅಂತ ಹೇಳಿಬಿಡ್ತೀನಿ. ಅವಳಪ್ಪನ್ನೂ ಕೇಳ್ತೀನಿ" ಅಂದಳು. ನನಗೆ ಜೀವ ಬಂದ ಹಾಗಾಯಿತು. ದಾರಿಯುದ್ದಕ್ಕೂ ಅವಳಿಗೆ ಮಾತು ಹೇಳಿಕೊಟ್ಟೆ, ಚಿಕ್ಕ ಮಕ್ಕಳಿಗೆ ಪಾಠ ಒಪ್ಪಿಸುವುದನ್ನು ಕಲಿಸುವ ಹಾಗೆ.

ಬಾಗಿಲು ತೆಗೆದವಳು ಪಿಟೀಲೇ. ಗುರುತು ಸಿಗದಷ್ಟು ಎತ್ತರ ಆಗಿದ್ದಳು. ಕೂದಲು ಬೆಳೆದು ಎರಡು ಜಡೆ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡಿದ್ದಳು. ದೊಡ್ಡಮ್ಮನನ್ನು ನೋಡಿ ನಕ್ಕಳು, ಆದರೆ ಓಡಿ ಬಂದು ತಬ್ಬಿಕೊಳ್ಳಲಿಲ್ಲ.

ಊಟವಾದ ಮೇಲೆ ಮೂವರೂ ಬಾಲ್ಕನಿಗೆ ಹೋದೆವು. ಒಗೆದ ಪುಟ್ಟ ಅಂಗಿಗಳು ತಂತಿಯ ಮೇಲೆ ಸಾಲಾಗಿದ್ದವು. ಅಕ್ಕ ಅವುಗಳನ್ನೇ ನೋಡುತ್ತಾ ನಿಂತಳು. ನಾನು ಮೊಣಕೈಯಿಂದ ತಿವಿದೆ.

"ಪಿಟೀಲು, ನನ್ನ ಜೊತೆ ಬಂದುಬಿಡ್ತೀಯಾ? ನನಗೆ ನೀನು ಬೇಕು."

ಹುಡುಗಿ ಬೆಚ್ಚಿದಳು. "ಈಗ ಹೇಳ್ತಿದೀಯಾ? ಅವತ್ತು ಯಾಕೆ ಹೇಳಲಿಲ್ಲ?"

"ಅವತ್ತು ನಿನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಬೇಕಿತ್ತು. ನಾನು ಹೇಳಿಬಿಟ್ರೆ ನೀನು ನನಗೋಸ್ಕರ..."

"ನಾನು ನಿನ್ನ ಮುಖಾನೇ ನೋಡ್ತಾ ಇದ್ದೆ ದೊಡ್ಡಮ್ಮ. ಈಗ ಹೋಗಬೇಡ ಅಂತೀಯ, ಈಗ ಹೋಗಬೇಡ ಅಂತೀಯ ಅಂತ. ನೀನು ಸುಮ್ಮನೇ ಕೂತಿದ್ದೆ. ಫೋನಲ್ಲೂ ಕೇಳಿದೆ, ಆಗಲೂ ಹೇಳಲಿಲ್ಲ. ನಿಂಗೆ ನನ್ನನ್ನ ನೋಡ್ಕೊಂಡು ಸಾಕಾಗಿದೆ ಅಂದ್ಕೊಂಡೆ."

"ಸಾಕಾಗೋದಾ? ನಿನ್ನನ್ನ ಬಿಟ್ರೆ ನನಗೆ ಯಾರಿದಾರೆ ಮಗಳೇ?" ಆ ಮಾತು ಅಕ್ಕನ ಬಾಯಲ್ಲಿ ಬಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿಟೀಲಿನ ಕಣ್ಣು ತುಂಬಿತು. ದುಃಖವೋ ಸಿಟ್ಟೋ, ಎರಡೂ ಇತ್ತು. "ಹಾಗಾದ್ರೆ ನನ್ನನ್ನ ಯಾಕೆ ಕೇಳಿದೆ?"

ಅಕ್ಕ ತಂತಿಯ ಮೇಲಿದ್ದ ಒಂದು ಪುಟ್ಟ ಅಂಗಿಯ ತುದಿ ಹಿಡಿದುಕೊಂಡಳು. ಒಳಗೆ ಮಗು ಅತ್ತಿತು. ಹುಡುಗಿ ತೋಳಿನಿಂದ ಮುಖ ಒರೆಸಿಕೊಂಡು, "ಅವನು ಬೇರೆ ಯಾರು ಎತ್ಕೊಂಡ್ರೂ ಸುಮ್ಮನಾಗಲ್ಲ" ಅಂದು ಒಳಗೆ ಹೋದಳು. ಬಾಗಿಲಿನ ಸಂದಿಯಲ್ಲಿ ಕಾಣುತ್ತಿತ್ತು, ಮಗುವಿನ ಬೆನ್ನು ತಟ್ಟುತ್ತಾ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದಳು. ಅವಳ ಅಮ್ಮ ಬಂದು ಅವಳ ಜಡೆಯ ರಿಬ್ಬನ್ನು ಬಿಗಿಮಾಡಿ ಹೋದಳು. ಬರುತ್ತೇನೆ ಅಂತ ಹುಡುಗಿ ಹೇಳಲಿಲ್ಲ, ಬರಲ್ಲ ಅಂತಲೂ ಹೇಳಲಿಲ್ಲ. ಅಕ್ಕ ಎರಡನೇ ಸಲ ಕೇಳಲಿಲ್ಲ, ಅವರಪ್ಪನ ಹತ್ತಿರವೂ ಮಾತು ತೆಗೆಯಲಿಲ್ಲ. ಹೊರಡುವಾಗ ಅವನಿಗೆ "ಚೆನ್ನಾಗಿ ನೋಡ್ಕೊಳ್ತಿದೀರಿ" ಅಂದಳು.

ವಾಪಸ್ ಬರುವ ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಮಕ್ಕಳಿಗೆ ಬ್ರೆಡ್ಡು ಹಂಚುತ್ತಿದ್ದಳು. ಚಿಕ್ಕವನು ನನಗೆ ಬೇಡ ಅಂತ ಹಟ ಮಾಡುತ್ತಿದ್ದ. ಆಕೆ ಕೇಳಿಸಿಕೊಳ್ಳಲೇ ಇಲ್ಲ, ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಇಟ್ಟಳು.

ಅಕ್ಕ ಅದನ್ನು ನೋಡುತ್ತಿದ್ದವಳು, "ಹತ್ತು ವರ್ಷದ ಮಗು ಕಣೇ ಅದು. ಅದನ್ನ ಹೋಗಿ ಕೇಳಿದೆನಲ್ಲೇ ನಾನು" ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಅಷ್ಟು ಜನರ ಮುಂದೆ, ಅಳತೊಡಗಿದಳು. ನಮ್ಮೂರು ಬರುವ ತನಕ ಅತ್ತಳು.